ಮಂಡ್ಯ ನೂರಡಿ ರಸ್ತೆಯ ಕಾಲು ಸೂಪು: ರುಚಿಗೆ ಕುಡಿಯಿರಿ, ಮಂಡಿ ನೋವಿಗಲ್ಲ

ಒಂದೂವರೆ ತಿಂಗಳು ಹೆಚ್ಚುಕಡಿಮೆ ದಿನಾ ಈ ಗಾಡಿಯಿಂದ ಸೂಪು ತಂದಿದ್ದೇನೆ. ಅಪ್ಪ ಗದ್ದೆ ಬದುವಿನ ಮೇಲೆ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದರು. ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ, "ಕಾಲು ಸೂಪು ಕುಡಿಸು ಕಣಪ್ಪ, ಮೂಳೆ ಕೂಡ್ಕೊಳ್ಳುತ್ತೆ, ಮಂಡಿ ನೋವೂ ಹೋಗುತ್ತೆ."

ಸೂಪು ಮಾತ್ರ ತುಂಬಾ ಚೆನ್ನಾಗಿದೆ. ಸಂಜೆ ಆರಕ್ಕೆ ಶುರು, ಎಂಟೂವರೆಗೆಲ್ಲ ಪಾತ್ರೆ ಖಾಲಿ. ಗಾಡಿಯ ಅಕ್ಕ ಕುರಿ ಕಾಲನ್ನು ಸುಟ್ಟು, ಕೆರೆದು, ಸೌದೆ ಒಲೆಯಲ್ಲಿ ನಾಲ್ಕೈದು ಗಂಟೆ ಬೇಯಿಸುತ್ತಾರೆ. ಸುಟ್ಟ ಕೂದಲಿನ ವಾಸನೆ ಒಂದು ದಿನವೂ ಬಂದಿಲ್ಲ. ಕುಡಿದರೆ ತುಟಿ ಅಂಟಂಟು. ಉಳಿದಿದ್ದನ್ನು ಫ್ರಿಜ್ಜಲ್ಲಿಟ್ಟರೆ ಬೆಳಗ್ಗೆ ಗಡ್ಡೆ ಮೊಸರಿನ ಹಾಗೆ ಕಟ್ಟಿರುತ್ತದೆ, ಯಾಕೆಂದರೆ ಚರ್ಮ, ನರ, ಮೂಳೆಯಲ್ಲಿರುವ ಕೊಲಾಜನ್ ಅನ್ನೋ ಪ್ರೋಟೀನ್ ನಿಧಾನಕ್ಕೆ ಬೆಂದು ಅಂಟಿನಂಥ ಜೆಲಾಟಿನ್ ಆಗಿರುತ್ತದೆ. ನೀರು ಜಾಸ್ತಿ ಬೆರೆಸಿದ್ದರೆ ಹೀಗೆ ಕಟ್ಟುವುದಿಲ್ಲ.

ಎಳೇ ಕಾಲು ಹೌದೋ ಅಲ್ಲವೋ ಅಂತ ತಿಳಿಯಲು ಉದ್ದ ಮೂಳೆಯ ತುದಿ ನೋಡಿ. ಅಲ್ಲಿ ಬಿಳಿಯ ನುಣುಪು ಪದರ ಇರುತ್ತದಲ್ವಾ, ಹಲ್ಲಿಗೆ ಸಿಕ್ಕರೆ ಕರಕರ ಅನ್ನುತ್ತದೆ, ಅದೇ ಶಾಲೆಯಲ್ಲಿ ಓದಿದ ಮೃದ್ವಸ್ಥಿ. ಎಳೇ ಕುರಿಯಾದರೆ ತುದಿಯ ಗುಂಡೇ ಕಳಚಿ ಬರುತ್ತದೆ. ಬೆಳೆಯುವ ಮೂಳೆಯಲ್ಲಿ ಆ ಸಂದಿಯಲ್ಲೂ ಮೃದ್ವಸ್ಥಿಯೇ ಇರುತ್ತದೆ, ಬೇಯುವಾಗ ಸಡಿಲವಾಗುತ್ತದೆ. ಬಲಿತ ಕುರಿಯಲ್ಲಿ ಅದು ಮೂಳೆಯಾಗಿ ಬೆಸೆದುಕೊಂಡಿರುತ್ತದೆ. ಇಲ್ಲಿ ನನಗೆ ಸಿಕ್ಕಿದ್ದು ಹೆಚ್ಚಿನ ದಿನ ಎಳೇ ಕಾಲೇ.

ಇನ್ನು ಅಪ್ಪನ ಕೈ. ಆರನೇ ವಾರ ಪ್ಲಾಸ್ಟರ್ ಬಿಚ್ಚಿದಾಗ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಮೋಡದ ಹಾಗೆ ಹೊಸ ಮೂಳೆ ಕಂಡಿತು. ನೋಡಿ ಕಣ್ಣು ತುಂಬಿತು. ಆದರೆ ಅದು ಸೂಪಿನ ಕೆಲಸ ಅಲ್ಲ. ಮೂಳೆಯೊಳಗೆ ರಕ್ತ ಓಡಾಡುತ್ತದೆ, ಹಳೆಯದನ್ನು ಕರಗಿಸುವ, ಹೊಸದನ್ನು ಕಟ್ಟುವ ಜೀವಕೋಶಗಳು ದಿನಾ ದುಡಿಯುತ್ತಿರುತ್ತವೆ, ಹಾಗಾಗಿ ಸೂಪು ಮುಟ್ಟದವರ ಮೂಳೆಯೂ ಕೂಡುತ್ತದೆ.

ಅಪ್ಪನ ಮಂಡಿ ನೋವು ಮಾತ್ರ ಹಾಗೇ ಇದೆ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ನಡೆದಾಡುವಾಗ ಅದು ಸ್ಪಂಜಿನ ಹಾಗೆ ಒತ್ತಿ ಬಿಟ್ಟು, ಕೀಲಿನೊಳಗಿನ ದ್ರವದಿಂದ ಪೋಷಣೆ ಹೀರಿಕೊಳ್ಳಬೇಕು. ಒಮ್ಮೆ ಸವೆದರೆ ಮೊದಲಿನ ಹಾಗೆ ಬೆಳೆಯುವುದು ಬಹಳ ಕಷ್ಟ. ಕುಡಿದ ಜೆಲಾಟಿನ್ ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೇ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ನೇರ ಮಂಡಿಗೆ ಹೋಗಿ ಕೂರುವುದಿಲ್ಲ. ಸೂಪಿನಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ. ಅದಕ್ಕೆ ನಮ್ಮ ಮುದ್ದೆಯೇ ಮೇಲು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ.

ಬೇಸರ ಎರಡೇ. ಉಪ್ಪು ಜಾಸ್ತಿ, ಬಿಪಿ ಇರುವವರು ನೋಡಿಕೊಳ್ಳಿ. ಕುದಿಯುವ ಸೂಪನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಾರೆ, ಮನೆಯಿಂದ ಸ್ಟೀಲ್ ಡಬ್ಬಿ ತಗೊಂಡು ಹೋಗಿ.

ನಾನಂತೂ ಈಗಲೂ ವಾರಕ್ಕೊಂದು ದಿನ ಹೋಗುತ್ತೇನೆ. ಅಪ್ಪನಿಗೆ ಮೂಳೆ ಹೀರುವುದು ಇಷ್ಟ ಅಂತ ಗೊತ್ತಾದ ಮೇಲೆ ಅಕ್ಕ ದಪ್ಪ ಮೂಳೆ ಎರಡು ಎತ್ತಿಟ್ಟಿರುತ್ತಾರೆ.