ಮೊಟ್ಟೆ ಕಾಣಲಿಲ್ಲ ಅಂತ ರಾಣಿ ಕೊಳ್ಳಬೇಡಿ

ತುಡುವೆ ಜೇನು ಸಾಕುವವರು ಇದನ್ನೊಮ್ಮೆ ಓದಿ. ಜೇನು ಪಾಲಾಗುವ (ಒಂದು ಕುಟುಂಬ ಒಡೆದು ಎರಡಾಗುವ) ಕಾಲ ಬಂತೆಂದರೆ ರಾಣಿ ಮಾರುವವರೂ ಊರೂರು ತಿರುಗಲು ಶುರು ಮಾಡುತ್ತಾರೆ.

ದೀಪಾವಳಿ ಕಳೆದ ಮೇಲೆ ನಮ್ಮದೊಂದು ಪೆಟ್ಟಿಗೆ ಪಾಲಾಯಿತು. ಹಳೆ ರಾಣಿ ಅರ್ಧ ನೊಣ ಕಟ್ಟಿಕೊಂಡು ಹೋಯಿತು. ಆಮೇಲೆ ಎರಿಗಳಲ್ಲಿ (ಮೇಣದ ಹಲ್ಲೆಗಳಲ್ಲಿ) ಮೊಟ್ಟೆಯೇ ಕಾಣಲಿಲ್ಲ. ಪರಿಚಯದವರ ಮಾತಿನ ಮೇಲೆ ರಾಣಿ ಮಾರುವವರೊಬ್ಬರನ್ನು ಕರೆಸಿದೆವು. ಅವರು ಎರಡೇ ಎರಿ ಎತ್ತಿ ನೋಡಿ, "ರಾಣಿ ಇಲ್ಲ. ಇವತ್ತೇ ಹೊಸ ರಾಣಿ ಬಿಡದಿದ್ರೆ ಪೆಟ್ಟಿಗೆ ಹೋಯ್ತು ಅಂದ್ಕೊಳ್ಳಿ" ಅಂದರು. ಎರಿಯ ಅಂಚಿಗೆ ಒಂದು ರಾಣಿ ಕೋಶ (ಹೊಸ ರಾಣಿ ಬೆಳೆಯುವ ಗೂಡು) ಜೋತಿತ್ತು. ಅದರ ತುದಿ ದುಂಡಗೆ ಕತ್ತರಿಸಿಕೊಂಡು ಬಾಯಿ ಬಿಟ್ಟಿತ್ತು. ಹಾಗಿದ್ದರೆ ಹೊಸ ರಾಣಿ ಹೊರಬಂದಿದೆ ಅಂತಲೇ ಅರ್ಥ. ತೋರಿಸಿದರೆ "ಅದು ಹಳೇದು ಬಿಡಿ" ಅಂತ ಚಿವುಟಿ ಎಸೆದರು.

ಬೆಂಕಿಪೊಟ್ಟಣದಲ್ಲಿ ತಂದ ರಾಣಿಗೆ ಸಕ್ಕರೆ ನೀರು ಚಿಮುಕಿಸಿ ನೇರ ಎರಿಗಳ ಮಧ್ಯೆ ಬಿಟ್ಟರು. ದುಡ್ಡು ಎಣಿಸುವಷ್ಟರಲ್ಲಿ ನೊಣಗಳು ಮುತ್ತಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದ್ದವು. ಹೊರಗಿನ ರಾಣಿಯನ್ನು ಕೊಲ್ಲಲೆಂದೇ ಹೀಗೆ ಮುತ್ತುವುದು. ಆ ಉಂಡೆಯನ್ನು ತಕ್ಷಣ ನೀರಿಗೆ ಹಾಕಿ ಬಿಡಿಸಿದರೆ ರಾಣಿ ಬದುಕಬಹುದು. ಆ ಮಹಾನುಭಾವರು "ಒಪ್ಕೊಳ್ತಾ ಇವೆ" ಅಂತ ಮುಚ್ಚಳ ಹಾಕಿ ಹೊರಟೇಬಿಟ್ಟರು! ಬೆಳಿಗ್ಗೆ ಪೆಟ್ಟಿಗೆಯ ಬಾಗಿಲ ಮುಂದೆ ರಾಣಿ ಸತ್ತು ಬಿದ್ದಿತ್ತು, ರೆಕ್ಕೆ ಹರಿದುಹೋಗಿತ್ತು. ಫೋನ್ ಮಾಡಿದರೆ "ನಿಮ್ಮ ನೊಣ ಸಿಟ್ಟಿನವು, ಇನ್ನೊಂದು ತಗೊಳ್ಳಿ" ಎಂಬ ಉತ್ತರ. ವಾರ ಬಿಟ್ಟು ನೋಡಿದರೆ ಕೋಶಕ್ಕೊಂದರಂತೆ ತಳದಲ್ಲಿ ಮೊಟ್ಟೆ. ನಮ್ಮ ರಾಣಿ ಒಳಗೇ ಇತ್ತು.

ಹೊಸ ರಾಣಿ ಹೊರಬಂದು, ಹಾರಿ, ಗಂಡು ನೊಣಗಳ ಜೊತೆ ಕೂಡಿ, ಮೊಟ್ಟೆ ಶುರು ಮಾಡಲು ಹತ್ತು ಹನ್ನೆರಡು ದಿನವಾದರೂ ಹಿಡಿಯುತ್ತದೆ. ಮಳೆ ಹಿಡಿದರೆ ಇನ್ನೂ ಜಾಸ್ತಿ. ಆಗ ಅದು ಸಣಕಲಾಗಿ ಎರಿಯ ತುಂಬ ಓಡಾಡುತ್ತಿರುತ್ತದೆ, ಸುಮ್ನೆ ನೋಡಿದರೆ ಕಣ್ಣಿಗೆ ಬೀಳಲ್ಲ. ಅನುಮಾನವಿದ್ದರೆ ಬೇರೆ ಪೆಟ್ಟಿಗೆಯಿಂದ ಹೊಸ ಮೊಟ್ಟೆಯಿರುವ ಎರಿಯೊಂದನ್ನು ತಂದು ಕೊಡಿ (ಅಲ್ಲಿನ ರಾಣಿ ಅಂಟಿಕೊಂಡು ಬರದಿರಲಿ). ಎರಡು ಮೂರು ದಿನದಲ್ಲಿ ನೊಣಗಳು ಅದರ ಮೇಲೆ ರಾಣಿ ಕೋಶ ಎಬ್ಬಿಸಿದರೆ ಒಳಗೆ ರಾಣಿ ಇಲ್ಲ ಅಂತ ಅರ್ಥ, ಆಗ ಮಾತ್ರ ರಾಣಿ ಕೊಳ್ಳುವ ಯೋಚನೆ ಮಾಡಿ. ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಗೋಡೆಗೆಲ್ಲ ಅಂಟಿದ್ದರೆ ಕೆಲಸಗಾರ ನೊಣಗಳೇ ಇಡುತ್ತಿವೆ. ಅಲ್ಲಿ ಎಂಥ ರಾಣಿಯೂ ಉಳಿಯುವುದು ಕಷ್ಟ.

ಕೊಂಡರೂ ರಾಣಿಯನ್ನು ಜಾಲರಿ ಪಂಜರದಲ್ಲೇ ಇಡಿಸಿ. ನೊಣಗಳು ಜಾಲರಿ ಕಚ್ಚಿ ಹಿಡಿದು, ಬೆರಳಿಂದ ಸರಿಸಿದರೂ ಬಿಡದಿದ್ದರೆ ಸಿಟ್ಟು ಇಳಿದಿಲ್ಲ. ನಾಲಿಗೆ ಚಾಚಿ ಉಣಿಸುತ್ತಿದ್ದರೆ ಬಿಡಬಹುದು. ರಾಣಿ ಜೊತೆ ಬಂದ ಬೇರೆ ಊರಿನ ನೊಣಗಳನ್ನು ಮಾತ್ರ ಒಳಗೆ ಸೇರಿಸಬೇಡಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಜೇನುಮರಿಗಳನ್ನು ಕೊಲ್ಲುವ ಅಂಟುರೋಗ ನಮ್ಮ ಕಡೆಯ ತುಡುವೆ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದನ್ನು ಕಂಡವರು ಇನ್ನೂ ಇದ್ದಾರೆ. ದುಡ್ಡಿನ ಮಾತು ಮೊದಲೇ ಆಡಿಬಿಡಿ: ಅರ್ಧ ಈಗ, ಇನ್ನರ್ಧ ಮೊಟ್ಟೆ ಕಂಡ ಮೇಲೆ. ಒಪ್ಪದಿದ್ದರೆ ಪೆಟ್ಟಿಗೆ ಮುಟ್ಟಲು ಬಿಡಬೇಡಿ.