ಮೂರು ಗಾಲಿಯ ಕೂಸಿನ ಗಾಡಿ: ಧಾರವಾಡದ ಏರು-ಇಳುಕಲಿನಲ್ಲಿ ಯಾವುದು ನಿಂತಿತು

ಹೋದ ಮಳೆಗಾಲದಲ್ಲಿ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಕೂಸಿನ ಗಾಡಿಗಳಿದ್ದವು. ಒಂದು ಹೊಸದಾಗಿ ಕೊಂಡದ್ದು, ಒಂದು ಹಳೇದು ತಂದದ್ದು, ಎರಡು ಕಡ ತಂದವು. ಕೂಸು ಮಾತ್ರ ಒಂದೇ. ಬಂದವರೆಲ್ಲ "ಏನ್ರಿ, ಅಂಗಡಿ ಇಟ್ಟೀರೇನು?" ಅಂತ ನಗೋರು. ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಎಲ್ಲವನ್ನೂ ಒಂದೊಂದು ವಾರ ತಳ್ಳಿ ನೋಡುತ್ತಿದ್ದೆವು.

ಮಗಳಿಗೆ ಆಗ ಹತ್ತು ತಿಂಗಳು, ಒಂಬತ್ತು ಕಿಲೋ. ನಾನು ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವಳು, ಆದ್ದರಿಂದ ಹಗಲೆಲ್ಲ ಅವಳು ಅತ್ತೆಯವರ ಕೈಯಲ್ಲಿ. ಅತ್ತೆಗೆ ಅರವತ್ನಾಲ್ಕು, ಮೊಣಕಾಲು ನೋವು ಬೇರೆ. ಟೊಂಕದ ಮೇಲೆ ಕೂಡಿಸಿಕೊಂಡು ಓಣಿ ಸುತ್ತುವುದು ಇನ್ನು ಆಗದು ಅನ್ನುವಾಗ ಗಾಡಿಯ ಮಾತು ಬಂತು. ಅಂದರೆ ಗಾಡಿ ತಳ್ಳುವವರು ನಾನಲ್ಲ, ನಮ್ಮ ಯಜಮಾನರೂ ಅಲ್ಲ. ಈ ಒಂದು ಮಾತನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಮೊದಲನೆಯ ಗಾಡಿಯನ್ನು ನಾನು ಕೊಳ್ಳುತ್ತಲೇ ಇರಲಿಲ್ಲ.

ನಾಲ್ಕು ಬಿಟ್ಟು ಮೂರು ಗಾಲಿ ಯಾಕೆ ಅಂತ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಅತ್ತೆ ಹೇಳಿದರು. "ಮೂರು ಕಲ್ಲಿನ ಒಲಿ ಎಂಥಾ ನೆಲದ ಮ್ಯಾಲೂ ಅಳ್ಳಾಡಂಗಿಲ್ಲ ನೋಡವಾ." ಖರೇ. ನಾಲ್ಕು ಕಾಲಿನ ಕುರ್ಚಿ ತಗ್ಗು-ದಿಣ್ಣೆಯಲ್ಲಿ ಒಂದು ಕಾಲು ಎತ್ತಿಕೊಂಡೇ ನಿಲ್ಲುತ್ತದೆ, ಮೂರು ಕಾಲಿನದು ಮೂರನ್ನೂ ಊರುತ್ತದೆ. ನಮ್ಮ ಓಣಿಯಲ್ಲಿ ನೀರಿನ ಪೈಪಿಗಾಗಿ ಅಗೆದು ಮುಚ್ಚಿದ ಗೀರು ಹತ್ತು ಹೆಜ್ಜೆಗೊಂದು. ನಾಲ್ಕು ಗಾಲಿಯ ಗಾಡಿಗೆ ಅಲ್ಲಿ ಎರಡು ಮುಂಗಾಲಿಗಳನ್ನು ಎತ್ತಿಸಬೇಕು, ಮೂರರದ್ದಕ್ಕೆ ಒಂದನ್ನು. ಆದರೆ ಒಲೆಯ ಲೆಕ್ಕದಲ್ಲಿ ಒಂದು ಮೋಸವಿದೆ. ಒಲೆ ತಿರುಗುವುದಿಲ್ಲ, ಗಾಡಿ ತಿರುಗುತ್ತದೆ. ಮೂರು ಗಾಲಿಯದು ಮುಂದಕ್ಕೆ ಚೂಪಾದ ತ್ರಿಕೋನ. ಜೋರಾಗಿ ಬರುತ್ತ ಗಕ್ಕನೆ ತಿರುಗಿಸಿದರೆ ಭಾರ ಆ ತ್ರಿಕೋನದ ಓರೆ ಅಂಚಿನ ಹೊರಗೆ ಹೋಗುತ್ತದೆ, ಒಂದು ಹಿಂಗಾಲಿ ನೆಲ ಬಿಡುತ್ತದೆ.

ಮೊದಲು ಕೊಂಡದ್ದು ಸಣ್ಣದು. ಫೋನಿನಲ್ಲಿ ಫೋಟೊ ನೋಡಿ ತರಿಸಿದ್ದು, ಏಳು ಸಾವಿರದ ಚಿಲ್ಲರೆ. ಅಂಗೈ ಅಗಲದ ಮೂರು ಗಾಲಿ, ಒಳಗೆ ಗಾಳಿಯಿಲ್ಲ, ಗಟ್ಟಿ ಫೋಮು. ಮುಂದಿನದು ಸುತ್ತಲೂ ತಿರುಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿದೆವು, ಎಂಟು ಕಿಲೋ. ಮನೆಯೊಳಗಿನ ಶಹಾಬಾದ್ ಕಲ್ಲಿನ ಮೇಲೆ ಒಂದು ಬೆರಳಿನಿಂದ ತಳ್ಳಬಹುದಿತ್ತು, ನನಗೆ ಅದೇ ದೊಡ್ಡ ಖುಷಿ. ಓಣಿಗೆ ಇಳಿಸಿದ ದಿನ ಗೊತ್ತಾಯಿತು, ಒಂದೊಂದು ಜಲ್ಲಿಕಲ್ಲಿಗೂ ಮುಂಗಾಲಿ ಅಡ್ಡ ತಿರುಗಿ ನಿಲ್ಲುತ್ತದೆ, ಹಿಂದಿನಿಂದ ತಳ್ಳುವವರ ಹೊಟ್ಟೆಗೆ ಹ್ಯಾಂಡಲ್ ಬಂದು ಬಡಿಯುತ್ತದೆ. ಕೂಸಿನ ಗಲ್ಲ ಗಡಗಡ ಕುಣಿಯುತ್ತಿತ್ತು. ಅವಳಿಗೆ ಅದು ಆಟ. "ಆ" ಅಂತ ಒಂದೇ ಸ್ವರ ಹಿಡಿದು ದನಿ ನಡುಗುವುದನ್ನು ಕೇಳಿಸಿಕೊಂಡು ನಗೋಳು.

ಆಮೇಲೆ ಗಿರಣಿಯ ಸಂಗತಿ. ಅತ್ತೆ ಜೋಳದ ಹಿಟ್ಟು ಬೀಸಿಸಿಕೊಂಡು ಐದು ಕಿಲೋ ಹಿಟ್ಟಿನ ಚೀಲವನ್ನು ಹ್ಯಾಂಡಲ್‌ಗೆ ತೂಗುಹಾಕಿ ಬಂದಿದ್ದಾರೆ. ಕೂಸು ಒಳಗಿರುವ ತನಕ ಎಲ್ಲ ಸರಿ. ಬಾಗಿಲ ಮುಂದೆ ಬೆಲ್ಟ್ ಬಿಚ್ಚಿ ಅವಳನ್ನು ಎತ್ತಿಕೊಂಡದ್ದೇ ತಡ, ಗಾಡಿ ಹಿಂದಕ್ಕೆ ಮಗುಚಿತು. ಅರ್ಧ ಓಣಿ ಬಿಳಿ. ಕೂಸಿನ ಭಾರ ಎದುರಿಗಿದ್ದಾಗ ಮಾತ್ರ ಚೀಲದ ಭಾರಕ್ಕೆ ಸರಿದೂಗು. ಅದನ್ನು ತೆಗೆದೊಡನೆ ಹಗುರ ಗಾಡಿಗೆ ಹಿಂದೆ ಜಗ್ಗುವ ಚೀಲವೇ ಯಜಮಾನ. ಇದು ಆ ಒಂದು ಗಾಡಿಯ ದೋಷವಲ್ಲ, ಹಗುರವಾದ ಎಲ್ಲಕ್ಕೂ ಇದೇ ಗತಿ. ಸಾಮಾನೇನಿದ್ದರೂ ಸೀಟಿನ ಕೆಳಗಿನ ಬುಟ್ಟಿಗೆ. ಆದರೆ ಅದರ ಬುಟ್ಟಿಯಲ್ಲಿ ಒಂದು ಡಯಾಪರ್ ಕಟ್ಟು ಹಿಡಿಸಿದರೆ ಹೆಚ್ಚು.

ಎರಡನೆಯದು ದೊಡ್ಡದು. ಪುಣೆಯಲ್ಲಿರುವ ಮೈದುನ, ತನ್ನ ಮಗ ದೊಡ್ಡವನಾದ ಅಂತ, ಕಾರಿನಲ್ಲಿ ಹಾಕಿಕೊಂಡು ಬಂದ. ಮೂರೂ ಗಾಲಿ ಸಣ್ಣ ಹುಡುಗರ ಸೈಕಲ್ಲಿನಷ್ಟು, 16 ಇಂಚಿನವು, ಗಾಳಿ ತುಂಬುವವು. ಮುಂಗಾಲಿ ತಿರುಗುವುದಿಲ್ಲ, ನೆಟ್ಟಗೆ ಕೂತಿದೆ. ಹದಿಮೂರು ಕಿಲೋ. ಇದು ಓಡುವವರ ಗಾಡಿ. ಇದರ ಹುಟ್ಟೂ ಹಾಗೆಯೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿದ್ದ ಫಿಲ್ ಬೇಕ್ಲರ್ ಎಂಬ ಪತ್ರಕರ್ತ, ಮಗನನ್ನೂ ಜೊತೆಗೆ ಕರೆದುಕೊಂಡು ಓಡಬೇಕೆಂದು 1984ರಲ್ಲಿ ಕೂಸಿನ ಗಾಡಿಗೆ ಸೈಕಲ್ ಗಾಲಿ ಜೋಡಿಸಿದ. ಈ ಜಾತಿಯ ಗಾಡಿಗಳು ಅಲ್ಲಿಂದ ಶುರು. ನಮ್ಮ ಯಜಮಾನರು ಬೆಳಿಗ್ಗೆ ಆರಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಓಡುವವರು. ಅಲ್ಲಿನ ಮರದ ನೆರಳಿನ ರಸ್ತೆಯಲ್ಲಿ ಅದು ಹೋಗುವ ಚೆಂದವನ್ನು ನೋಡಬೇಕು. ಏರಿನಲ್ಲಿ ಕೈಗೆ ಭಾರವೇ ಇಲ್ಲ, ಹಂಪಿನ ಮೇಲೆ ಕೂಸಿಗೆ ನಿದ್ದೆ ಕೆಡುವುದಿಲ್ಲ. ಮುಂಗಾಲಿ ನೆಟ್ಟಗೆ ಕೂತಿರುವುದಕ್ಕೆ ಕಾರಣವೂ ಅಲ್ಲಿಯೇ ತಿಳಿಯುತ್ತದೆ. ತಿರುಗುವ ಗಾಲಿ ವೇಗ ಹೆಚ್ಚಾದಂತೆ ತಾನಾಗಿ ನಡುಗಲು ಹತ್ತುತ್ತದೆ, ಒಂದು ಕಲ್ಲು ಸಿಕ್ಕರೆ ಅಡ್ಡ ಬೀಳುತ್ತದೆ.

ಇಳಿಜಾರಿಗೆ ಎಚ್ಚರಿಕೆ ಬೇಕು. ಹ್ಯಾಂಡಲ್‌ನಿಂದ ಕೈಗೆ ಕಟ್ಟಿಕೊಳ್ಳುವ ಪಟ್ಟಿ ಯಾಕಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ವಿಶ್ವವಿದ್ಯಾಲಯದ ಇಳುಕಲಿನಲ್ಲಿ ಒಂದು ಸಲ ಸೀನು ಬಂದು ಕೈ ಬಿಟ್ಟೆ. ಪಟ್ಟಿ ಇದ್ದುದರಿಂದ ಗಾಡಿ ಒಂದು ಮಾರಿನಾಚೆ ಹೋಗಲಿಲ್ಲ. ಅಂದಿನಿಂದ ಪಟ್ಟಿ ಕಟ್ಟಿಕೊಳ್ಳದೆ ಯಾರಿಗೂ ಕೊಟ್ಟಿಲ್ಲ. ಇನ್ನೊಂದು ಮಾತು. ಕುತ್ತಿಗೆ ಚೆನ್ನಾಗಿ ನಿಲ್ಲದ ಕೂಸನ್ನು ಇಂಥದರಲ್ಲಿ ಹಾಕಿಕೊಂಡು ಓಡಬಾರದು. ತಯಾರಕರೇ ಕನಿಷ್ಠ ಆರು ತಿಂಗಳು, ಕೆಲವರು ಎಂಟು ತಿಂಗಳು ಅನ್ನುತ್ತಾರೆ.

ಅತ್ತೆಗೆ ಅದನ್ನು ಕೊಟ್ಟಾಗ ಏನಾಯಿತು? ನೆಟ್ಟಗೆ ಹೋಗುವವರೆಗೆ ರಾಣಿ. ಓಣಿಯ ತಿರುವು ಬಂದಾಗ ಹ್ಯಾಂಡಲ್ ಒತ್ತಿ ಮುಂಗಾಲಿ ಎತ್ತಿ ತಿರುಗಿಸಬೇಕು. ಅದಕ್ಕೆ ತೋಳಿನಲ್ಲಿ ಕಸುವು ಬೇಕು. ಎರಡು ತಿರುವಿಗೆ ಸುಸ್ತಾಗಿ ಕಟ್ಟೆಯ ಮೇಲೆ ಕೂತು, "ಇದು ಗಾಡಿ ಅಲ್ಲವಾ, ಟ್ರ್ಯಾಕ್ಟರ್ ಐತಿ" ಅಂದರು. ತರಕಾರಿ ತರಲು ಸೂಪರ್ ಮಾರ್ಕೆಟ್ಟಿಗೆ (ಹೆಸರಷ್ಟೇ ಹಾಗೆ, ಅದು ಧಾರವಾಡದ ತರಕಾರಿ ಪೇಟೆ) ಒಯ್ದ ದಿನ, ಬುಟ್ಟಿಗಳ ನಡುವೆ ಅದನ್ನು ತಿರುಗಿಸಲಾಗದೆ ಟೊಮೆಟೊ ಮಾರುವಾಕೆಯ ಕೈಯಲ್ಲಿ ಬೈಸಿಕೊಂಡದ್ದೂ ಆಯಿತು.

ಮೂರನೆಯದು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಯಿಂದ ನಾಲ್ಕೂವರೆ ಸಾವಿರಕ್ಕೆ ತಂದ ಹಳೇ ಗಾಡಿ. ಮೂರೂ ಗಾಲಿ 12 ಇಂಚು, ಗಾಳಿಯವು. ಮುಂಗಾಲಿಯ ಮೇಲೆ ಒಂದು ಗುಬಟೆ ಇದೆ. ಒಂದು ಕಡೆ ತಿರುವಿದರೆ ಗಾಲಿ ಸುತ್ತುತ್ತದೆ, ಇನ್ನೊಂದು ಕಡೆ ತಿರುವಿದರೆ ನೆಟ್ಟಗೆ ನಿಲ್ಲುತ್ತದೆ. ಹತ್ತೂವರೆ ಕಿಲೋ. ನೋಡಲು ಏನೂ ಚೆಂದವಿಲ್ಲ, ಬಟ್ಟೆ ಬಿಸಿಲಿಗೆ ಮಾಸಿತ್ತು. ಆದರೆ ಅತ್ತೆ ಎರಡು ದಿನಕ್ಕೇ ಅದನ್ನು "ನನ್ನ ಗಾಡಿ" ಅನ್ನತೊಡಗಿದರು. ಓಣಿಯಲ್ಲಿ ಗುಬಟೆ ಬಿಚ್ಚಿ, ಕಲ್ಲಿನ ರಸ್ತೆ ಬಂದಾಗ ಹಾಕಿ. ಅವರಿಗೆ ಕಲಿಸುವುದೇ ಬೇಕಾಗಲಿಲ್ಲ.

ಮನೆಯ ಮೆಟ್ಟಿಲಿನ ಪರೀಕ್ಷೆಯೂ ಇಲ್ಲಿಯೇ ತೀರ್ಮಾನವಾಯಿತು. ನಮ್ಮಲ್ಲಿ ಬಹಳ ಮನೆಗಳಿಗೆ ಇರುವಂತೆ ಐದು ಮೆಟ್ಟಿಲು, ನಡುವೆ ಸ್ಕೂಟರ್ ಹತ್ತಿಸಲು ಒಂದು ಗೇಣು ಅಗಲದ ಇಳಿಜಾರು. ಮೂರು ಗಾಲಿಯ ಗಾಡಿಗೆ ಅದು ಕೆಟ್ಟ ಜಾಗ. ಮುಂಗಾಲಿ ಇಳಿಜಾರಿನ ಮೇಲೆ, ಹಿಂಗಾಲಿ ಎರಡೂ ಮೆಟ್ಟಿಲ ಮೇಲೆ. ಉಪಾಯ ಏನೆಂದರೆ, ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ಒಂದೊಂದೇ ಮೆಟ್ಟಿಲು ಎಳೆದುಕೊಳ್ಳುವುದು. 12 ಇಂಚಿನ ಗಾಲಿ ಮೆಟ್ಟಿಲ ಅಂಚನ್ನು ತಾನಾಗಿ ಹತ್ತುತ್ತದೆ. ಸಣ್ಣ ಗಾಲಿ ಹತ್ತುವುದಿಲ್ಲ, ಅದನ್ನು ಎತ್ತಿಯೇ ಇಡಬೇಕು.

ಗಾಳಿಯ ಗಾಲಿಗೆ ಮುಳ್ಳೇ ವೈರಿ. ಬಳ್ಳಾರಿ ಜಾಲಿ ಬೆಳೆದ ಖಾಲಿ ಪ್ಲಾಟಿನ ಪಕ್ಕ ಹೋದರೆ ಮುಗಿಯಿತು. ಒಂದೇ ತಿಂಗಳಲ್ಲಿ ಮೂರು ಪಂಕ್ಚರ್. ಪರದೇಶದ ಟ್ಯೂಬು ಎಲ್ಲಿ ಹುಡುಕಲಿ ಅಂತ ಸೈಕಲ್ ಅಂಗಡಿಗೆ ಒಯ್ದರೆ, ಆತ ಟೈರಿನ ಬದಿಯ ಅಕ್ಷರ ಓದಿ ನಕ್ಕುಬಿಟ್ಟ. "ಅಕ್ಕಾರ, ಹನ್ನೆರಡೂವರಿ, ಎರಡೂಕಾಲು. ಇದು ಸಣ್ಣ ಹುಡುಗರ ಸೈಕಲ್ಲಿನ ಟ್ಯೂಬೇ ಐತ್ರಿ." ಖರೇನೇ, ಆ ಅಳತೆ ಎರಡಕ್ಕೂ ಒಂದೇ. ಮೂರನೆಯ ಸಲ ಹೋದಾಗ ಆತ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಪಟ್ಟಿಯಂತೆ ಹಾಸಿ ಅದರ ಮೇಲೆ ಹೊಸ ಟ್ಯೂಬ್ ಕೂಡಿಸಿದ. ಇಪ್ಪತ್ತು ರೂಪಾಯಿ ಹೆಚ್ಚು ತಗೊಂಡ. ಅಲ್ಲಿಂದ ಇಲ್ಲಿಯವರೆಗೆ ಪಂಕ್ಚರ್ ಇಲ್ಲ. ಒಂದು ಜಾಗ್ರತೆ: ವಾಲ್ವು ಬೈಕಿನಂಥದ್ದೇ ಆದರೂ ಪೆಟ್ರೋಲ್ ಬಂಕಿನ ಗಾಳಿ ಯಂತ್ರಕ್ಕೆ ಹಚ್ಚಬೇಡಿ. ಸಣ್ಣ ಟೈರು, ಕ್ಷಣದಲ್ಲಿ ಮಿತಿ ಮೀರುತ್ತದೆ. ಟೈರಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟನ್ನು ಕೈಪಂಪಿನಿಂದಲೇ ಹೊಡೆಯಬೇಕು.

ಪಕ್ಕದ ಮನೆಯವರ ನಾಲ್ಕು ಗಾಲಿಯ ಕೊಡೆ ಗಾಡಿಯನ್ನು ಈ ಸಾಲಿಗೆ ಸೇರಿಸಬೇಕೋ ಬೇಡವೋ ಗೊತ್ತಿಲ್ಲ, ಆದರೆ ಅದು ಗೆದ್ದ ಒಂದು ಜಾಗವಿದೆ. ಕೊಡೆಯ ಹಾಗೆ ಮಡಚಿಕೊಳ್ಳುವ ಈ ಗಾಡಿಯನ್ನು 1965ರಲ್ಲಿ ರೂಪಿಸಿದವರು ಓವೆನ್ ಮ್ಯಾಕ್ಲಾರೆನ್, ಬ್ರಿಟನ್ನಿನ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ, ಹಾರುವಾಗ ಒಳಗೆ ಮಡಚಿಕೊಳ್ಳುವ ಗಾಲಿಗಳ ಕೆಲಸದಲ್ಲಿ ಕೈಯಾಡಿಸಿದವರು. ಮಡಚುವುದು ಅವರಿಗೆ ಕರತಲಾಮಲಕ. ಜ್ಯುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು (ಎರಡೂ ಊರಿನ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು) ಹತ್ತುವಾಗ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಯಾವ ಗಾಡಿಯಾದರೂ ಉರುಳಿಕೊಂಡು ಒಳಗೆ ಹೋಗುತ್ತದೆ. ಆದರೆ ಸಂಜೆ ಗದ್ದಲದಲ್ಲಿ ಒಳಗೆ ಜಾಗ ಬೇಕಲ್ಲ? ಕೊಡೆ ಗಾಡಿಯನ್ನು ಮಡಚಿ ಕಾಲಿನ ನಡುವೆ ನಿಲ್ಲಿಸಿಕೊಳ್ಳಬಹುದು. 12 ಇಂಚಿನದಕ್ಕೆ ಇಬ್ಬರ ಜಾಗ ಬೇಕು. ಹುಬ್ಬಳ್ಳಿ ಸ್ಟೇಷನ್ನಿನಲ್ಲೂ ಅಷ್ಟೇ. 1507 ಮೀಟರ್ ಉದ್ದದ ಆ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಬೋಗಿ ಯಾವಾಗಲೂ ಆಚೆ ತುದಿಗೇ ಇರುತ್ತದೆ. ನುಣುಪು ನೆಲದ ಮೇಲೆ ಕೊಡೆ ಗಾಡಿ ಸಲೀಸು, ರೈಲು ಬಂದ ಕೂಡಲೇ ಒಂದು ಕೈಯಲ್ಲಿ ಮಡಚಿ ಹತ್ತಬಹುದು. ರೈಲು ಬರುವ ತನಕ ಬ್ರೇಕ್ ಮಾತ್ರ ಒತ್ತಿಯೇ ಇರಲಿ, ಗಾಡಿ ಹಳಿಯ ಕಡೆಗೆ ಮುಖ ಮಾಡಿರಬಾರದು. ಓಣಿಯಲ್ಲಿ ಅದು ಹತ್ತು ಮಾರಿಗೇ ಸೋತಿತು.

ನವಲಗುಂದದ ಕಡೆಯ ಅತ್ತೆಯ ತವರಿಗೆ ಹೋದಾಗ ಎಲ್ಲವೂ ಸೋತವು. ಮಳೆ ಬಿದ್ದ ಎರಿ ಮಣ್ಣು. ಹತ್ತು ಹೆಜ್ಜೆಗೆ ಗಾಲಿಗೂ ಕಬ್ಬಿಣದ ಕವೆಗೂ ನಡುವೆ ಮಣ್ಣು ಮೆತ್ತಿ ಮುಂಗಾಲಿ ತಿರುಗುವುದನ್ನೇ ಬಿಟ್ಟಿತು. ಸೋದರಮಾವ ಗಾಡಿಯನ್ನು ಒಂದು ಹೆಗಲಿಗೆ, ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಡೆದರು.

ಕೊಳ್ಳುವಾಗ ನಾನು ಈಗ ನೋಡುವುದು ಹೀಗೆ. ಬೆಲ್ಟು ಎರಡು ಹೆಗಲು, ಎರಡು ಸೊಂಟ, ಕಾಲ ನಡುವೆ ಒಂದು, ಹೀಗೆ ಐದು ಕಡೆಯಿಂದ ಬಂದು ಕೂಡಬೇಕು. ಸೊಂಟಕ್ಕೆ ಮಾತ್ರ ಇದ್ದರೆ ನಮ್ಮ ಮಗಳಂಥವರು ಕೆಳಗಿನಿಂದ ಜಾರಿಕೊಂಡು ಹೊರಬರುತ್ತಾರೆ. ಬ್ರೇಕನ್ನು ಚಪ್ಪಲಿ ಕಾಲಿನಿಂದ ಹಾಕಿ ತೆಗೆದು ನೋಡಬೇಕು. ಕೆಲವನ್ನು ಮೇಲಕ್ಕೆ ಎತ್ತಿ ತೆಗೆಯಬೇಕು, ಚಪ್ಪಲಿಯಲ್ಲಿ ಅದು ಉಗುರಿಗೆ ಶತ್ರು. ತಳ್ಳುವವರೇ ಹ್ಯಾಂಡಲ್ ಹಿಡಿದು ನೋಡಬೇಕು. ಅತ್ತೆ ಐದಡಿ, ಯಜಮಾನರು ಐದೂ ಮುಕ್ಕಾಲು. ಬಿಸಿಲಿನ ಮರೆ ಉದ್ದ ಇಲ್ಲದಿದ್ದರೆ ಮನೆಯ ಹಿರಿಯರು ಗಾಡಿಯ ಮೇಲೆ ಸೀರೆ ಹೊದಿಸುತ್ತಾರೆ. ಏಪ್ರಿಲ್ಲಿನಲ್ಲಿ ನಾನೂ ಹೊದಿಸಿದ್ದೆ. ಹತ್ತು ನಿಮಿಷದ ಮೇಲೆ ಒಳಗೆ ಕೈ ಹಾಕಿದರೆ ಬೆವರು, ಕಾವು, ಉಸಿರುಗಟ್ಟಿದ ಗಾಳಿ. ಬಟ್ಟೆ ಬಿಸಿಲನ್ನು ತಡೆದರೂ ಗಾಳಿಯನ್ನೂ ತಡೆಯುತ್ತದೆ. ಅಂದಿನಿಂದ ಹನ್ನೊಂದರ ಮೇಲೆ ಹೊರಗೇ ಇಲ್ಲ.

ಓಡುವ ಮನೆಯವರಿದ್ದು, ಗಾಡಿ ನಿಲ್ಲಿಸಲು ಜಾಗ ಇದ್ದರೆ ದೊಡ್ಡದೇ ಸರಿ. ಹುಬ್ಬಳ್ಳಿಯಲ್ಲಿ ಲಿಫ್ಟ್ ಇರುವ ಅಪಾರ್ಟ್‌ಮೆಂಟು, ಕೆಳಗೆ ಕಾರು, ಕಾರಿನಿಂದ ಮಾಲು ಅನ್ನುವವರಿಗೆ ಸಣ್ಣದು ಸಾಕು. ಧಾರವಾಡದ ಓಣಿ, ಮೆಟ್ಟಿಲು, ದಿನಕ್ಕೆರಡು ಸುತ್ತು ತಳ್ಳುವ ಅಜ್ಜಿ ಇದ್ದರೆ 12 ಇಂಚಿನ, ಗುಬಟೆಯ ಮುಂಗಾಲಿಯದೇ ಆಗಬೇಕು, ಹಳೇದಾದರೂ ಅಡ್ಡಿಯಿಲ್ಲ. ನಾವು ಅದನ್ನೇ ಇಟ್ಟುಕೊಂಡೆವು. ದೊಡ್ಡದು ಪುಣೆಗೆ ವಾಪಸಾಯಿತು, ಯಜಮಾನರು ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದರು. ಕೊಡೆ ಗಾಡಿಯನ್ನು ಊರಿಗೆ ಹೋಗುವಾಗ ಪಕ್ಕದ ಮನೆಯಿಂದ ಕೇಳಿ ತರುತ್ತೇವೆ, ಬರುವಾಗ ಅವರಿಗೆ ಒಂದು ಪಾವು ಪೇಡೆ. ಸಣ್ಣದನ್ನು ಮೂರೂವರೆ ಸಾವಿರಕ್ಕೆ ಮಾರಿದೆ. ಕೊಂಡವರಿಗೆ ಗಿರಣಿಯ ಕಥೆ ಹೇಳಿಯೇ ಕೊಟ್ಟೆ.