ಫಿಲ್ಮ್ ಅಂಡ್ ಟೆಕ್ ಫೆಸ್ಟಿವಲ್‌ಗೆ ಸೆಲೆಕ್ಟ್ ಆಗಿದ್ದೀರಾ ಅಂತ ಮೇಲ್ ಬಂದಿದ್ಯಾ? ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಶಾರ್ಟ್ ಫಿಲ್ಮ್ ಮಾಡೋರು ಯಾರಾದ್ರೂ ಗೊತ್ತಿದ್ರೆ ಇದನ್ನ ಒಂದ್ಸಲ ಅವ್ರಿಗೆ ಕಳ್ಸಿ. ಫೆಸ್ಟಿವಲ್ ಹೆಸ್ರು ಹಾಕ್ತಿಲ್ಲ, ಹಾಕಿದ್ರೂ ಉಪಯೋಗ ಇಲ್ಲ ಬಿಡಿ, ಮುಂದಿನ ಸಲ ಬೇರೆ ಬೋರ್ಡ್ ಹಾಕ್ಕೊಂಡು ಕೂತಿರ್ತಾರೆ. ಅವ್ರ ವರಸೆ ಹೆಂಗಿರತ್ತೆ ಅಂತ ಗೊತ್ತಾದ್ರೆ ಸಾಕು.

ನನ್ ಫ್ರೆಂಡ್ ಸಾಗರದ ಕಡೆಯವ್ನು. 14 ನಿಮಿಷದ ಒಂದು ಪಿಕ್ಚರ್ ಮಾಡಿದ್ದ, ಅಡಿಕೆ ಸುಲಿಯೋ ಟೈಮಲ್ಲಿ ಒಂದೇ ರಾತ್ರಿ ನಡೆಯೋ ಕತೆ, ಪೂರ್ತಿ ಅವ್ರ ಮನೆ ಜಗಲಿ ಅಂಗಳದಲ್ಲೇ ಶೂಟಿಂಗು, ಅಮ್ಮನ ಪಾತ್ರಕ್ಕೆ ಅವ್ರಮ್ಮನೇ. ಸಬ್‌ಟೈಟಲ್ ಬರ್ದಿದ್ದು ನಾನು. ಕೈಯಲ್ಲಿ ಕಾಸಿಲ್ದಿದ್ರೂ ಸೌಂಡ್ ಮಾತ್ರ ಸರಿಯಾಗಿರ್ಬೇಕು ಅಂತ ಹಠ ಹಿಡ್ದು 18 ಸಾವಿರ ಕೊಟ್ಟು ಬೆಂಗಳೂರಿನ ಸ್ಟುಡಿಯೋದಲ್ಲಿ 5.1 ಮಿಕ್ಸ್ (ಸೌಂಡನ್ನ ಥಿಯೇಟರಿನ ಮುಂದೆ, ಸುತ್ತ ಇರೋ ಸ್ಪೀಕರ್‌ಗಳಿಗೆ ಬೇರೆ ಬೇರೆ ಚಾನೆಲ್ ಮಾಡಿ ಹಂಚೋದು) ಮಾಡ್ಸಿದ್ದ, ಮೇಲಿಂದ ಡಿಸಿಪಿ ಬೇರೆ. ಡಿಸಿಪಿ ಅಂದ್ರೆ ಥಿಯೇಟರ್ ಪ್ರೊಜೆಕ್ಟರ್‌ಗೆ ಹಾಕೋ ಡಿಜಿಟಲ್ ಪ್ರಿಂಟು, ಹಿಂದೆ ರೀಲ್ ಡಬ್ಬ ಬರ್ತಿತ್ತಲ್ಲ, ಈಗ ಅದ್ರ ಬದ್ಲಿಗೆ ಇದು.

ಎಂಟ್ರಿ ಫೀಸ್ 1,800 ಕಟ್ಟಿ ಕಳ್ಸಿದ್ದ. ಅದ್ರಲ್ಲಿ ತಪ್ಪೇನಿಲ್ಲ, ಒಳ್ಳೇ ಫೆಸ್ಟಿವಲ್‌ಗಳಲ್ಲೂ ಎಷ್ಟೋ ಕಡೆ ಎಂಟ್ರಿ ಫೀಸ್ ಇರತ್ತೆ. ನಾಲ್ಕೇ ದಿನಕ್ಕೆ "ಕಂಗ್ರಾಜುಲೇಶನ್ಸ್" ಅಂತ ಮೇಲ್ ಬಂತು ನೋಡಿ, ಆಗ್ಲೇ ನಾವು ಯೋಚ್ನೆ ಮಾಡ್ಬೇಕಿತ್ತು. ನಾಲ್ಕ್ ದಿನದಲ್ಲಿ ಯಾವ ಜ್ಯೂರಿ ನೋಡಿರ್ತಾರೆ? ಅದ್ರ ಕೆಳಗೇ ಇತ್ತು ಲೆಕ್ಕ. ಬರೋರು ತಲೆಗೆ 4,500 ಕೊಟ್ಟು ಡೆಲಿಗೇಟ್ ಕಿಟ್ ತಗೋಬೇಕು, ಟ್ರೋಫಿ ಬೇಕಂದ್ರೆ ಜಿಎಸ್‌ಟಿ ಸೇರಿ 7,080, ವರ್ಚುವಲ್ ಪ್ರೊಡಕ್ಷನ್ ವರ್ಕ್‌ಶಾಪ್‌ಗೆ ಬೇರೆ 1,500. ನಾನು ಬೇಡ ಕಣೋ ಅಂದೆ. ಅವ್ನು "ಎಂತ ಮಾರಾಯ, ಮೊದಲ್ನೇ ಸಲ ಯಾರೋ ಕರೆದಿದ್ದಾರೆ, ಹೋಗ್ಬರೋಣ" ಅಂದ. ಆ ಮುಖ ನೋಡಿ ಇಲ್ಲ ಅನ್ನೋಕಾಗ್ಲಿಲ್ಲ.

ಹೋಲಿಕೆಗೆ ಹೇಳ್ತೀನಿ, 2025ರಲ್ಲಿ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಒರಾಯನ್ ಮಾಲಲ್ಲಿ ಎಂಟು ದಿನ ನಡೀತಲ್ಲ, ಅಷ್ಟೂ ದಿನಕ್ಕೆ ಪಾಸ್ 800 ರೂಪಾಯಿ, ಸ್ಟೂಡೆಂಟ್ಸ್‌ಗೆ 400. ನಾವಿಬ್ರು ಒಂದೂವರೆ ದಿನಕ್ಕೆ ಹೆಚ್ಚುಕಮ್ಮಿ 20 ಸಾವಿರ ಕಟ್ಟಿದ್ವಿ.

ತಾಳಗುಪ್ಪ ಮೈಸೂರು ಟ್ರೇನಲ್ಲಿ ರಾತ್ರಿಯೆಲ್ಲಾ ಆ ಡಿಸಿಪಿ ಹಾರ್ಡ್ ಡಿಸ್ಕನ್ನ ಟವಲ್‌ನಲ್ಲಿ ಸುತ್ತಿ ಎದೆಗವಚ್ಕೊಂಡೇ ಮಲಗಿದ್ದ. ಬೆಳಗಾಗ್ತಾ ಮೆಜೆಸ್ಟಿಕ್ಕು, ಅಲ್ಲಿಂದ ಮೆಟ್ರೋ, ಆರ್‌ವಿ ರೋಡಲ್ಲಿ ಯೆಲ್ಲೋ ಲೈನ್‌ಗೆ ಬದಲಾಯ್ಸಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗಿ ಇಳಿದ್ರೆ, ಥಿಯೇಟರ್ರೇ ಇಲ್ಲ. ಒಂದು ಹೋಟೆಲ್ಲಿನ ಪಾರ್ಟಿ ಹಾಲು. ಪಕ್ಕದ ಹಾಲಲ್ಲಿ ಯಾರ್ದೋ ನಾಮಕರಣ.

ಡಿಸ್ಕ್ ಕೊಟ್ರೆ ಕೌಂಟರಲ್ಲಿದ್ದ ಹುಡ್ಗ ಲ್ಯಾಪ್‌ಟಾಪ್‌ಗೆ ಚುಚ್ಚಿ, ಒಳಗಿರೋ ಎಂಎಕ್ಸ್‌ಎಫ್ ಫೈಲುಗಳನ್ನ (ಡಿಸಿಪಿಯ ಚಿತ್ರ, ಸೌಂಡ್ ಎಲ್ಲಾ ಇರೋದು ಇದ್ರಲ್ಲೇ) ಮಾಮೂಲಿ ವಿಡಿಯೋ ಥರ ಡಬಲ್ ಕ್ಲಿಕ್ ಮಾಡಿ ಮಾಡಿ "ಸರ್ ಇದು ಓಪನ್ನೇ ಆಗ್ತಿಲ್ಲ, ಯೂಟ್ಯೂಬ್ ಲಿಂಕ್ ಇದ್ಯಾ" ಅಂದ. ಫೆಸ್ಟಿವಲ್ ನಡೆಸೋರಿಗೆ ಡಿಸಿಪಿ ಏನು ಅಂತಾನೇ ಗೊತ್ತಿಲ್ಲ! ಪುಣ್ಯಕ್ಕೆ ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ ಇತ್ತು, ಅದೂ 5.1 ಸೌಂಡಿಂದೇ. ಪುಣ್ಯ ಅಂತ ಯಾಕಂದೆನೋ.

ನಮ್ ಪಿಕ್ಚರ್ ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಕಿಟಕಿಗೆ ತೆಳ್ಳಗಿನ ಪರದೆ, ರಾತ್ರಿ ಲಾಟೀನ್ ಬೆಳಕಲ್ಲಿ ತೆಗ್ದಿರೋ ಸೀನೆಲ್ಲ ಮಜ್ಜಿಗೆ ಥರ ಬೆಳ್ಳಗೆ. ಅದನ್ನಾದ್ರೂ ಸಹಿಸ್ಕೋಬಹುದು. ಎರಡ್ನೇ ನಿಮಿಷಕ್ಕೆ ಅಮ್ಮ ಮೆಟ್ಟುಗತ್ತಿ ಮುಂದೆ ಕೂತು ಮಾತಾಡೋಕೆ ಶುರು ಮಾಡ್ತಾರೆ, ಬಾಯಿ ಆಡ್ತಿದೆ, ಮಾತೇ ಇಲ್ಲ. ಜೀರುಂಡೆ ಸದ್ದು ಬರ್ತಿದೆ, ಮ್ಯೂಸಿಕ್ ಬರ್ತಿದೆ, ಅಮ್ಮ ಮಾತ್ರ ಮೂಕಿ. 5.1ರಲ್ಲಿ ಮಾತೆಲ್ಲಾ ಮಧ್ಯದ ಸ್ಪೀಕರ್‌ಗೆ ಅಂತ ಇರತ್ತೆ, ಇವ್ರು ಲ್ಯಾಪ್‌ಟಾಪಿಂದ ಎಡ ಬಲ ಎರಡೇ ಚಾನೆಲ್ ಎಳ್ಕೊಂಡಿದ್ರು, ಮಧ್ಯದ್ದು ಎಲ್ಲೂ ಹೋಗ್ದೆ ಅಲ್ಲೇ ಸತ್ತೋಯ್ತು. ನಾನು ಎದ್ದು ಓಡಿ ಹೋಗಿ ಹೇಳಿದ್ರೆ ಆ ಹುಡ್ಗ ವಾಲ್ಯೂಮ್ ಜಾಸ್ತಿ ಮಾಡ್ದ. ಜೀರುಂಡೆ ಕಿವಿ ಕೊರೀತು. ನೋಡ್ತಿದ್ದೋರು ನಮ್ಮನ್ನೂ ಸೇರ್ಸಿ 11 ಜನ, ಎಲ್ರೂ ತಂತಮ್ಮ ಪಿಕ್ಚರ್ ತಗೊಂಡು ಬಂದೋರೇ.

ಮುಗಿದ್ಮೇಲೆ ಜ್ಯೂರಿ ಅಂತ ಕೂತಿದ್ದ ಒಬ್ರು ಮೈಕ್ ಹಿಡ್ದು, ತಾಯಿ ಧ್ವನಿನ ಮ್ಯೂಟ್ ಮಾಡಿರೋದು ತುಂಬಾ ಧೈರ್ಯದ ನಿರ್ಧಾರ ಅಂದ್ರು. ಸಬ್‌ಟೈಟಲ್ ಓದ್ಕೊಂಡು ಕತೆ ಅರ್ಥ ಮಾಡ್ಕೊಂಡಿರ್ಬೇಕು ಪಾಪ. ನಮ್ಮವ್ನು ತಲೆ ತಗ್ಗಿಸ್ಕೊಂಡು ಕೂತಿದ್ದ.

ಟೆಕ್ನಾಲಜಿ ಕತೆ ಇನ್ನೂ ಚೆಂದ. ವಿಆರ್ ಸ್ಟಾಲಲ್ಲಿ ಒಂದೇ ಹೆಡ್‌ಸೆಟ್ಟು, ಅದೂ ಚಾರ್ಜಿಂಗಲ್ಲಿ. ವರ್ಚುವಲ್ ಪ್ರೊಡಕ್ಷನ್ ಅಂದ್ರೆ ನಿಜಕ್ಕೂ ನಟರ ಹಿಂದೆ ದೊಡ್ಡ ಎಲ್‌ಇಡಿ ಗೋಡೆ ಇರತ್ತೆ, ಕ್ಯಾಮರಾ ಎತ್ಲಾಗ್ ಅಲ್ಲಾಡಿದ್ರೆ ಗೇಮ್ ಎಂಜಿನ್ನು ಹಿಂದಿನ ದೃಶ್ಯಾನೂ ಅದಕ್ಕೆ ತಕ್ಕಂಗೆ ಆ ಕ್ಷಣಕ್ಕೇ ಬದಲಾಯ್ಸತ್ತೆ. ಇಲ್ಲಿ ಇದ್ದಿದ್ದು ಎರಡು ಸ್ಟ್ಯಾಂಡಿಗೆ ಕ್ಲಿಪ್ ಹಾಕಿರೋ ಹಸಿರು ಬಟ್ಟೆ. ಬಟ್ಟೇಲಿ ಮಡಿಕೆ ಕೂಡ ಹೋಗಿರ್ಲಿಲ್ಲ. 1,500 ರೂಪಾಯಿ.

ಊಟದ ಕೂಪನ್ ಖಾಲಿ ಅಂದ್ರು. ಪಕ್ಕದ ನಾಮಕರಣದವ್ರೇ ನಮ್ಮನ್ನ ನೋಡಿ "ಬನ್ನಿ, ಊಟ ಮಾಡ್ಕೊಂಡ್ ಹೋಗಿ" ಅಂತ ಎಲೆ ಹಾಕಿದ್ರು. ಎರಡು ದಿನದಲ್ಲಿ ದುಡ್ಡು ಕೇಳ್ದೆ ಏನಾದ್ರೂ ಕೊಟ್ಟಿದ್ದು ಅವ್ರೊಬ್ರೇ.

ಪ್ರಶಸ್ತಿ ವಿಚಾರಕ್ಕೆ ಬರ್ತೀನಿ. ಟೇಬಲ್ ತುಂಬಾ ಟ್ರೋಫಿ, ಎಲ್ಲಾ ಒಂದೇ ಅಚ್ಚು, ಕೆಳಗೆ ಸ್ಟಿಕ್ಕರ್ ಮಾತ್ರ ಬೇರೆ. 80ಕ್ಕೂ ಜಾಸ್ತಿ ವಿಭಾಗ ಇದೆ, ಬಂದೋರಿಗೆಲ್ಲಾ ಒಂದೊಂದು. ನಮ್ಮವ್ನಿಗೆ ಸಿಕ್ಕಿದ್ದು "ಬೆಸ್ಟ್ ಎಐ ಶಾರ್ಟ್ ಫಿಲ್ಮ್". ಆ ಪಿಕ್ಚರಲ್ಲಿ ಎಐ ಅನ್ನೋದು ಹುಡುಕಿದ್ರೂ ಇಲ್ಲ ಮಾರಾಯ್ರೆ, ಇರೋದು ಅವ್ರಮ್ಮ, ಲಾಟೀನು ಮತ್ತೆ ಎರಡು ಚೀಲ ಅಡಿಕೆ! ಕೇಳಿದ್ರೆ ಆ ವಿಭಾಗದಲ್ಲಿ ಇನ್ನೂ ಸ್ಟಿಕ್ಕರ್ ಉಳಿದಿತ್ತು ಅಂದ್ರು.

ಇಷ್ಟೇ ಆಗಿದ್ರೆ ನಕ್ಕು ಸುಮ್ನಾಗ್ತಿದ್ವಿ, ಈ ಬರಹಾನೂ ಇರ್ತಿರ್ಲಿಲ್ಲ. ಊರಿಗ್ ಬಂದ ಎರಡನೇ ದಿನ ನೋಡ್ತೀವಿ, ಪೂರ್ತಿ ಪಿಕ್ಚರನ್ನ ಅವ್ರ ಯೂಟ್ಯೂಬ್ ಚಾನೆಲಲ್ಲಿ ಪಬ್ಲಿಕ್ ಆಗಿ ಹಾಕಿದ್ದಾರೆ. ಎಂಟ್ರಿ ಫಾರ್ಮಲ್ಲಿ ಸಣ್ಣ ಅಕ್ಷರದಲ್ಲಿ "ಪ್ರಚಾರಕ್ಕೆ ಬಳಸ್ಕೊಳ್ಳೋ ಹಕ್ಕು" ಅಂತ ಇತ್ತು, ಟಿಕ್ ಹಾಕಿದ್ದು ನಾವೇ. ಆನ್‌ಲೈನಲ್ಲಿ ಬಂದಿರೋ ಪಿಕ್ಚರ್‌ನ ತಗೊಳ್ದೇ ಇರೋ ಫೆಸ್ಟಿವಲ್‌ಗಳು ಬೇಕಾದಷ್ಟಿವೆ, ಹಂಗಾಗಿ ನಿಜವಾದ ನಷ್ಟ ಇದು, 20 ಸಾವಿರ ಅಲ್ಲ. ಯೂಟ್ಯೂಬಿನ ಕಾಪಿರೈಟ್ ಫಾರ್ಮ್ ತುಂಬಿ ತೆಗ್ಸಿದ್ವಿ, ಅಷ್ಟೊತ್ತಿಗೆ ಐದು ದಿನ ಅಲ್ಲೇ ಇತ್ತು.

ಹಂಗಾಗಿ ಮೇಲ್ ಬಂದ್ರೆ ಮೊದ್ಲು ಫೋನ್ ಮಾಡಿ, ಯಾವ ಸ್ಕ್ರೀನು, ಡಿಸಿಪಿ ಓಡತ್ತಾ, ಸೌಂಡ್ ಎಷ್ಟು ಚಾನೆಲ್ಲು ಅಂತ ಕೇಳಿ. ನಿಜವಾಗ್ಲೂ ಫೆಸ್ಟಿವಲ್ ಮಾಡೋರು ಇದನ್ನ ನೀವು ಕೇಳೋ ಮುಂಚೆ ಅವ್ರೇ ನಿಮ್ಮನ್ನ ಕೇಳ್ತಾರೆ. ಸೆಲೆಕ್ಟ್ ಆದ್ಮೇಲೆ ನಿಮ್ ಟ್ರೋಫಿಗೆ ನಿಮ್ಮತ್ರಾನೇ ದುಡ್ಡು ಕೇಳಿದ್ರೆ ಅಲ್ಲಿಗೇ ಬಿಟ್ಬಿಡಿ. ಹೋದ ವರ್ಷ ಅಲ್ಲಿ ತೋರ್ಸಿರೋ ಪಿಕ್ಚರ್‌ನವ್ರು ಯಾರಾದ್ರೂ ಸಿಕ್ತಾರಾ ಹುಡುಕಿ ಮಾತಾಡ್ಸಿ, ನಾವು ಆಮೇಲೆ ಹುಡುಕಿದಾಗ ಇಬ್ರು ಸಿಕ್ರು, ಇಬ್ರಿಗೂ ಬಂದಿರೋದು ಅದೇ ಅಚ್ಚಿನ ಟ್ರೋಫಿ.

ನಿನ್ನೆ ಮತ್ತೆ ಅವ್ರದ್ದೇ ಮೇಲ್ ಬಂದಿದೆ. ಫಾರ್ಮಲ್ಲಿ "ಮುಂದಿನ ಪ್ರಾಜೆಕ್ಟ್" ಅಂತ ಒಂದು ಕಾಲಂ ಇತ್ತು, ಇವ್ನು ಸುಮ್ನೆ ಏನೋ ಒಂದು ಟೈಟಲ್ ಬರ್ದಿದ್ದ. ಅದೂ ಸೆಲೆಕ್ಟ್ ಆಗಿದೆಯಂತೆ. ಸ್ಕ್ರಿಪ್ಟಿನ ಮೊದಲ್ನೇ ಪೇಜೂ ಇನ್ನೂ ಆಗಿಲ್ಲ.